ಮೇಲ್ಮನವಿ ಹಾಕಿದ ಮೇಲೂ ಅಮೀನರು ಬಂದರು: ತೋಟ ಬಿಡಿಸುವುದನ್ನು ತಡೆಯುವುದು ಹೇಗೆ?

ತೋಟದ ಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕೋರ್ಟಿನ ವ್ಯವಹಾರ ಬಲ್ಲವರು ದಯವಿಟ್ಟು ಉತ್ತರಿಸಿ.

ನಮ್ಮದು ಮಾವನವರ ಕಾಲದ ಅಡಿಕೆ ತೋಟ. ಅದರ ಕೆಳಗಿನ ತುದಿಯ ಇಪ್ಪತ್ತೆರಡು ಗುಂಟೆ ತಮ್ಮ ಸರ್ವೆ ನಂಬರಿಗೆ ಸೇರಿದ್ದು ಎಂದು ಪಕ್ಕದ ತೋಟದವರು ನನ್ನ ಯಜಮಾನರ ಮೇಲೆ ದಾವೆ ಹಾಕಿದ್ದರು. ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯುವ ಹೊತ್ತಿಗೆ ತೀರ್ಪು ಬಂತು. ನಾವು ಸೋತೆವು. ಒಂದು ತಿಂಗಳೊಳಗೆ ಜಾಗ ಬಿಟ್ಟುಕೊಡಬೇಕು, ಇಷ್ಟು ದಿನ ತಿಂದ ಉತ್ಪತ್ತಿಯ ಲೆಕ್ಕವನ್ನು ಬೇರೆ ವಿಚಾರಣೆಯಲ್ಲಿ ಕೊಡಬೇಕು ಎಂದು ಡಿಕ್ರಿ ಆಗಿದೆ.

ಮೋಜಣಿ ನಕ್ಷೆಯನ್ನು ಸರಿಯಾಗಿ ನೋಡಿಲ್ಲ ಎಂಬುದು ನಮ್ಮ ತಕರಾರು. ಅವಧಿ ಮೀರುವ ಮೊದಲೇ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಿದೆವು. ನಮ್ಮ ವಕೀಲರು, "ಮೇಲ್ಮನವಿ ದಾಖಲಾಯಿತಲ್ಲ, ಇನ್ನು ಯಾರೂ ಮುಟ್ಟುವ ಹಾಗಿಲ್ಲ, ನಿಶ್ಚಿಂತೆಯಿಂದ ಇರಿ" ಎಂದಿದ್ದರು. ಆದರೆ ಮೊನ್ನೆ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು ಅಮಲ್ಜಾರಿ ಅರ್ಜಿಯ (ಡಿಕ್ರಿಯನ್ನು ಜಾರಿಗೆ ತರಲು ಎದುರಿನವರು ಹಾಕಿದ ಅರ್ಜಿಯ) ನೋಟಿಸ್ ಹಿಡಿದು ಮನೆಗೆ ಬಂದರು. ಬಾಗಿಲಲ್ಲಿ ನಿಂತು ಸಹಿ ಹಾಕಿಸಿಕೊಂಡು ಹೋದರು. ಅಂದಿನಿಂದ ಯಜಮಾನರು ಸರಿಯಾಗಿ ಊಟ ಮಾಡುತ್ತಿಲ್ಲ.

ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರ ಬಂದಿದೆ. ಅದಕ್ಕಿಂತ ದೊಡ್ಡ ಚಿಂತೆ ಬಾವಿಯದು. ಇಡೀ ತೋಟಕ್ಕೆ ನೀರು ಕೊಡುವ ಬಾವಿ, ಪಂಪ್‌ಸೆಟ್ ಎರಡೂ ಆ ಇಪ್ಪತ್ತೆರಡು ಗುಂಟೆಯೊಳಗೇ ಇವೆ. ಅದು ಹೋದರೆ ಮೇಲಿನ ತೋಟ ಬೇಸಿಗೆಯಲ್ಲಿ ಒಣಗುತ್ತದೆ. ಮೇಲ್ಮನವಿ ಇದ್ದರೂ ಬಿಡಿಸಬಹುದೇ? ತಡೆಯಾಜ್ಞೆ ತರಲು ಏನು ಬೇಕು? ದುಡ್ಡು ಕಟ್ಟಬೇಕೇ? ನಾಳೆ ನಾವು ಗೆದ್ದರೆ ಕಡಿದ ಮರಗಳನ್ನು ಯಾರು ತಂದುಕೊಡುತ್ತಾರೆ?

ನಿವೃತ್ತ ಶಿರಸ್ತೇದಾರ, ಸಾಗರ

ತಂಗಿ, ನನ್ನ ನೌಕರಿಯೆಲ್ಲ ಕಳೆದದ್ದು ನ್ಯಾಯಾಲಯದ ಕಚೇರಿಗಳಲ್ಲಿ, ಅದರಲ್ಲಿ ಹೆಚ್ಚಿನ ಕಾಲ ಅಮಲ್ಜಾರಿ ಕಡತಗಳ ನಡುವೆ. ನಿಮ್ಮ ವಕೀಲರು ಹೇಳಿದಂಥ ಮಾತನ್ನು ನಂಬಿ ನಿಶ್ಚಿಂತೆಯಿಂದ ಮನೆಯಲ್ಲಿ ಕುಳಿತವರು ತೋಟ, ಮನೆ, ಅಂಗಡಿ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನೇರವಾಗಿ ಹೇಳುತ್ತೇನೆ: ಮೇಲ್ಮನವಿ ದಾಖಲಾದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಶುರುವಾಗುವುದೇ ಈ ಮಾತಿನಿಂದ. ಮೇಲ್ಮನವಿ ನ್ಯಾಯಾಲಯ ಸಾಕಷ್ಟು ಕಾರಣ ಕಂಡು, ಬೇರೆಯಾಗಿ ಆದೇಶ ಮಾಡಿದರೆ ಮಾತ್ರ ಅಮಲ್ಜಾರಿ ನಿಲ್ಲುತ್ತದೆ. ಆ ಆದೇಶ ಬೇಕಾದರೆ ಅದಕ್ಕೆಂದೇ ಒಂದು ಮಧ್ಯಂತರ ಅರ್ಜಿ, ಜೊತೆಗೆ ಒಂದು ಅಫಿಡವಿಟ್ ಹಾಕಬೇಕು. ನಿಮ್ಮ ಮೇಲ್ಮನವಿಯ ಜೊತೆ ಅಂಥ ಅರ್ಜಿ ಹೋಗಿದೆಯೇ? ಇಂದೇ ವಕೀಲರನ್ನು ಕೇಳಿ. ಹೋಗಿಲ್ಲ ಎಂದಾದರೆ ನಾಳೆಯೇ ಹಾಕಿಸಿ.

ನೋಟಿಸ್ ಬಂದದ್ದಕ್ಕೆ ಹೆದರಬೇಡಿ. ಡಿಕ್ರಿಯಾಗಿ ಎರಡು ವರ್ಷದೊಳಗೆ ಅಮಲ್ಜಾರಿಗೆ ಅರ್ಜಿ ಬಂದರೆ ಮೊದಲೇ ನೋಟಿಸ್ ಕೊಡಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ನೇರವಾಗಿ ಸ್ವಾಧೀನದ ವಾರಂಟ್ ಹಿಡಿದು ಬಂದಿದ್ದರೂ ಕೇಳುವಂತಿರಲಿಲ್ಲ. ನ್ಯಾಯಾಲಯ ನಿಮಗೆ ಒಂದಿಷ್ಟು ಸಮಯ ಕೊಟ್ಟಿದೆ. ಅದನ್ನು ಅಳುತ್ತಾ ಕಳೆಯಬೇಡಿ.

ಅರ್ಜಿಯಲ್ಲಿ ನ್ಯಾಯಾಲಯ ನೋಡುವುದು ಮುಖ್ಯವಾಗಿ ಮೂರು ಸಂಗತಿ. ತಡೆ ಸಿಗದಿದ್ದರೆ ನಿಮಗೆ ಗಣನೀಯ ನಷ್ಟ ಆಗುತ್ತದೆಯೇ, ಅರ್ಜಿಯನ್ನು ವಿಳಂಬವಿಲ್ಲದೆ ಹಾಕಿದ್ದೀರಾ, ಕೊನೆಗೆ ಡಿಕ್ರಿಯೇ ಉಳಿದರೆ ಅದರಂತೆ ನಡೆಯುತ್ತೇವೆ ಎಂಬುದಕ್ಕೆ ಭದ್ರತೆ ಕೊಟ್ಟಿದ್ದೀರಾ. ಹೆಚ್ಚಿನವರು ಎಡವುವುದು ಮೊದಲನೆಯದರಲ್ಲಿ. "ಅರ್ಜಿದಾರರಿಗೆ ತುಂಬಲಾರದ ನಷ್ಟವಾಗುತ್ತದೆ" ಎಂದು ಒಂದೇ ಸಾಲು ಟೈಪು ಮಾಡಿಸಿ ತರುತ್ತಾರೆ. ಅದೇ ಸಾಲನ್ನು ಊರಿನ ಹೆಸರು ಬದಲಿಸಿ ನೂರಾರು ಕಡತಗಳಲ್ಲಿ ನೋಡಿದ್ದೇನೆ. ಆ ಸಾಲಿನಿಂದ ನ್ಯಾಯಾಧೀಶರಿಗೆ ಏನೂ ತಿಳಿಯುವುದಿಲ್ಲ. ಸ್ವಾಧೀನದ ಡಿಕ್ರಿ ಎಂದ ಮೇಲೆ ಜಾಗ ಕೈಬಿಡುವುದು ಇದ್ದದ್ದೇ. ಅದಷ್ಟನ್ನೇ ನಷ್ಟವೆಂದು ತೋರಿಸಿದರೆ ಸಾಲದು.

ನಿಮ್ಮಲ್ಲಿ ಹೇಳಲು ಗಟ್ಟಿಯಾದದ್ದೇ ಇದೆ. ಬಾವಿ ಆ ಜಾಗದಲ್ಲಿದೆ, ವ್ಯಾಜ್ಯವೇ ಇಲ್ಲದ ಮೇಲಿನ ತೋಟ ಅದರ ನೀರಿನಿಂದ ಬದುಕಿದೆ. ಇದನ್ನು ಬಿಡಿಸಿ ಬರೆಸಿ. ಪಂಪ್‌ಸೆಟ್ಟಿನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರುವ ಮೆಸ್ಕಾಂ ಕಾಗದ ಲಗತ್ತಿಸಿ. ಪಹಣಿಯ ಬೆಳೆ ಕಾಲಂ, ಬಾವಿಯಿಂದ ಮೇಲಕ್ಕೆ ಹೋದ ಪೈಪಿನ ಫೋಟೋ, ಫಸಲು ಕೊಡುವ ಮರಗಳೆಷ್ಟು, ಸಸಿಗಳೆಷ್ಟು, ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳೆಷ್ಟು, ಇಷ್ಟೂ ಇರಲಿ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಮರ ಕಡಿದರೆ ದುಡ್ಡು ಕೊಟ್ಟು ಮರುದಿನ ನಿಲ್ಲಿಸಲಾಗದು ಎಂಬುದು ಮಲೆನಾಡಿನ ನ್ಯಾಯಾಧೀಶರಿಗೆ ಗೊತ್ತಿರಬಹುದು, ಆದರೆ ಕಡತದಲ್ಲಿ ಇಲ್ಲದ್ದನ್ನು ಅವರು ಆದೇಶದಲ್ಲಿ ಬರೆಯಲಾರರು.

ಭದ್ರತೆಯ ವಿಷಯವನ್ನು ಮನಸ್ಸಿಟ್ಟು ಓದಿ. ಕಳೆದ ಎರಡು ಮೂರು ವರ್ಷ ಆ ಭಾಗದ ಅಡಿಕೆ ಎಷ್ಟಾಯಿತು, ಮಂಡಿಯಲ್ಲಿ ಏನು ದರಕ್ಕೆ ಹೋಯಿತು ಎಂಬ ಪಟ್ಟಿಗಳನ್ನು ನೀವಾಗಿಯೇ ಹಾಜರುಪಡಿಸಿ. "ಈ ಸಲದ ಕೊಯ್ಲನ್ನು ನಾವೇ ಮಾಡುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ, ನ್ಯಾಯಾಲಯ ಹೇಳಿದಷ್ಟನ್ನು ಠೇವಣಿ ಇಡುತ್ತೇವೆ, ಒಂದು ಮರವನ್ನೂ ಕಡಿಯುವುದಿಲ್ಲ, ಜಾಗವನ್ನು ಪರಭಾರೆ ಮಾಡುವುದಿಲ್ಲ" ಎಂದು ಅಫಿಡವಿಟ್‌ನಲ್ಲೇ ಬರೆದುಕೊಡಿ. ಎದುರಿನವರು ಕೇಳುವ ಮೊದಲೇ ಇದನ್ನು ಹೇಳಿದವರ ಮಾತಿಗೆ ತೂಕ ಬರುತ್ತದೆ. ಅವರ ಕೈಯಲ್ಲಿ ಒಂದು ತೀರ್ಪಿದೆ, ತಂಗಿ. ಅದು ತಪ್ಪು ತೀರ್ಪು ಎಂದು ನೀವು ನಂಬಿದ್ದೀರಿ, ಇರಲೂಬಹುದು. ಆದರೆ ಮೇಲಿನ ನ್ಯಾಯಾಲಯ ಹಾಗೆಂದು ಹೇಳುವ ತನಕ ಅದು ಅವರ ಹಕ್ಕು. ತಡೆ ಕೇಳುವವರು ಎದುರಿನವರ ಫಲವನ್ನು ಕಾಯ್ದಿಡುವ ಹೊಣೆಯನ್ನೂ ಹೊರಬೇಕು.

ದಸರೆ ರಜೆಗೆ ಮೊದಲೇ ಆದೇಶ ಸಿಗುವಂತೆ ನೋಡಿಕೊಳ್ಳಿ. ತುರ್ತು ವಿಚಾರಣೆಗೆ ಕೋರಿ ಒಂದು ಮೆಮೊ ಹಾಕಿಸಿ.

ಕೋಣಂದೂರು ಕಡೆಯವನು

ಇಷ್ಟೆಲ್ಲ ಯಾಕೆ? ಅಮೀನರು ಬರುವ ದಿನ ಗೇಟಿಗೆ ಬೀಗ ಹಾಕಿ ನೆಂಟರ ಮನೆಗೆ ಹೋಗಿ. ಇಲ್ಲವೇ ಹತ್ತು ಜನ ಹೆಂಗಸರನ್ನು ಅಡ್ಡ ಕೂರಿಸಿ. ನಮ್ಮ ಕಡೆ ಹೀಗೆ ಮಾಡಿ ವರ್ಷಗಟ್ಟಲೆ ತಳ್ಳಿದವರಿದ್ದಾರೆ. ಜಾಗವನ್ನು ಅಣ್ಣನ ಮಗನ ಹೆಸರಿಗೆ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು.

ನಿವೃತ್ತ ಶಿರಸ್ತೇದಾರ, ಸಾಗರ

ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಅಡ್ಡಿ ಮಾಡಿದರೆ ಡಿಕ್ರಿದಾರರು (ಡಿಕ್ರಿ ಗೆದ್ದವರು) ಅದೇ ಸಂಹಿತೆಯ 21ನೇ ಆದೇಶದ 97ನೇ ನಿಯಮದಡಿ ಅರ್ಜಿ ಹಾಕುತ್ತಾರೆ. ಕಾರಣವಿಲ್ಲದೆ ಅಡ್ಡಿಪಡಿಸಿದ್ದು ಎಂದಾಗಿ, ಆಮೇಲೂ ಅದನ್ನೇ ಮುಂದುವರಿಸಿದರೆ 98ನೇ ನಿಯಮದ ಪ್ರಕಾರ ಮೂವತ್ತು ದಿನಗಳವರೆಗೆ ಸಿವಿಲ್ ಬಂಧನದಲ್ಲಿ ಇಡಬಹುದು. ಬೀಗ ಒಡೆಯಲು, ಪೊಲೀಸರ ನೆರವು ಪಡೆಯಲು ನ್ಯಾಯಾಲಯ ಆದೇಶ ಕೊಡುತ್ತದೆ. ಸಾಗರದ ಕಡೆ ಒಂದು ಮನೆಯ ಸಾಮಾನನ್ನೆಲ್ಲ ಮಳೆಯಲ್ಲಿ ಅಂಗಳಕ್ಕೆ ಇಳಿಸಿದ ದಿನ ನಾನು ಅಲ್ಲಿದ್ದೆ. ಆ ಮನೆಯ ಹಿರಿಯರಿಗೂ ಹೀಗೆಯೇ ಯಾರೋ ಬೀಗ ಹಾಕಲು ಹೇಳಿದ್ದರು. ಅವರ ಮೇಲ್ಮನವಿಯಲ್ಲಿ ಸತ್ವವಿತ್ತು. ತಡೆಯಾಜ್ಞೆಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಇನ್ನು ಅಣ್ಣನ ಮಗನ ಹೆಸರಿಗೆ ಮಾಡುವುದು. ವ್ಯಾಜ್ಯ ನಡೆಯುತ್ತಿರುವಾಗ ಕೊಂಡವನನ್ನೂ ಡಿಕ್ರಿ ಬಿಡುವುದಿಲ್ಲ. ಮೇಲಾಗಿ, ತಡೆ ಕೇಳಲು ಬಂದವರು ಜಾಗವನ್ನು ಕೈಬದಲಾಯಿಸಿದ್ದಾರೆ ಎಂದು ಗೊತ್ತಾದ ಕ್ಷಣ ಅವರ ಅರ್ಜಿಯ ಕಥೆ ಮುಗಿಯುತ್ತದೆ.

ಗಾಂಧಿ ಬಜಾರಿನ ಮಳಿಗೆಯವರು, ಶಿವಮೊಗ್ಗ

ಸಹೋದರಿ, ನಾನು ಎದುರು ಪಕ್ಷದಲ್ಲಿ ನಿಂತವನು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಡಿಕ್ರಿ ಗೆದ್ದವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಬೇಕು ಅನ್ನಿಸಿತು.

ನಮ್ಮ ತಂದೆಯವರದು ಒಂದು ಚಿಕ್ಕ ಮಳಿಗೆ. ಬಾಡಿಗೆದಾರರನ್ನು ಬಿಡಿಸುವ ದಾವೆ ಗೆದ್ದೆವು. ಅವರು ಮೇಲ್ಮನವಿ ಹಾಕಿ ತಡೆ ತಂದರು. ಆ ತಡೆಗೆ ಯಾವ ಷರತ್ತೂ ಇರಲಿಲ್ಲ. ಹಳೆಯ ಬಾಡಿಗೆ, ಅದೂ ನೆನಪಾದಾಗ. ಅವರಿಗೆ ಮೇಲ್ಮನವಿ ಬೇಗ ಮುಗಿಯುವುದು ಬೇಕಿರಲಿಲ್ಲ. ಪ್ರತಿ ತಾರೀಖಿಗೂ ಒಂದು ಕಾರಣ. ತಂದೆಯವರು ಆ ಮಳಿಗೆಯಲ್ಲಿ ನನ್ನ ತಮ್ಮನಿಗೆ ಔಷಧಿ ಅಂಗಡಿ ಹಾಕಿಕೊಡಬೇಕೆಂದು ಆಸೆಪಟ್ಟಿದ್ದರು. ಬೀಗದ ಕೈ ನಮ್ಮ ಕೈಗೆ ಬರುವ ಮೊದಲೇ ತೀರಿಕೊಂಡರು.

ಆಮೇಲೆ ಹೊಸ ವಕೀಲರು ಬಂದು ಸುಪ್ರೀಂ ಕೋರ್ಟಿನ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದ ತೀರ್ಪು ತೋರಿಸಿದರು. 2004ರದು. ಬಿಡಿಸುವ ಡಿಕ್ರಿಗೆ ತಡೆ ಕೊಡುವಾಗ, ತಡೆಯಿಂದ ಮಾಲೀಕರಿಗೆ ಆಗುವ ನಷ್ಟ ತುಂಬುವಂಥ ನ್ಯಾಯವಾದ ಷರತ್ತು ಹಾಕಬಹುದು, ಡಿಕ್ರಿಯಾದ ದಿನದಿಂದ ಬಾಡಿಗೆದಾರ ಆ ಜಾಗಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬರುತ್ತದೋ ಅಷ್ಟು ಕೊಡಲು ಹೊಣೆ ಎಂದು ಅದರಲ್ಲಿ ಹೇಳಿದೆ. ಅದರ ಆಧಾರದ ಮೇಲೆ ತಡೆಯ ಷರತ್ತು ಬದಲಿಸಲು ಅರ್ಜಿ ಹಾಕಿದೆವು. ಅಕ್ಕಪಕ್ಕದ ಮಳಿಗೆಗಳ ಬಾಡಿಗೆ ಕರಾರುಗಳನ್ನು ತಂದು ತೋರಿಸಿದೆವು. ತಿಂಗಳು ತಿಂಗಳು ಮಾರುಕಟ್ಟೆ ಬಾಡಿಗೆಯನ್ನು ಠೇವಣಿ ಇಡಬೇಕು ಎಂದು ಆದೇಶವಾಯಿತು. ಅದಾದ ಮೇಲೆ ಮೇಲ್ಮನವಿಯ ವಿಚಾರಣೆಗೆ ಅವರ ಕಡೆಯಿಂದ ವಾಯಿದೆ ಕೇಳುವುದು ನಿಂತಿತು.

ನಿಮ್ಮ ಪಕ್ಕದ ತೋಟದವರನ್ನು ನಾನು ಬಲ್ಲವನಲ್ಲ. ಅವರ ಮನೆಯಲ್ಲೂ ಒಬ್ಬರು ಹಿರಿಯರು ಕಾಯುತ್ತಿರಬಹುದು. ತಡೆ ಸಿಕ್ಕರೆ ಮೇಲ್ಮನವಿಯನ್ನು ಎಳೆಯಬೇಡಿ. ಪ್ರತಿ ತಾರೀಖಿಗೂ ವಾದಕ್ಕೆ ಸಿದ್ಧರಾಗಿ ಹೋಗಿ. ಕೈಮುಗಿದು ಕೇಳುತ್ತೇನೆ.

ವಕೀಲೆ, ಶಿವಮೊಗ್ಗ

ಸಾಗರದ ಹಿರಿಯರು ಹೇಳಿದ್ದಕ್ಕೆ ಕೆಲವು ಸೇರ್ಪಡೆಗಳು.

ಅಕ್ಕ, ಎದುರು ಪಕ್ಷದವರು ಕೇವಿಯಟ್ ಹಾಕಿದ್ದಾರೆಯೇ ಎಂದು ಮೇಲ್ಮನವಿ ನ್ಯಾಯಾಲಯದ ಕಚೇರಿಯಲ್ಲಿ ವಿಚಾರಿಸಿ. ಡಿಕ್ರಿ ಗೆದ್ದವರು ಸಾಮಾನ್ಯವಾಗಿ ಹಾಕಿಯೇ ಇರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನ ಕೇವಿಯಟ್ ತೊಂಬತ್ತು ದಿನ ಊರ್ಜಿತ. ಅದು ಇದ್ದರೆ ಅವರಿಗೆ ತಿಳಿಸದೆ ನಿಮ್ಮ ಅರ್ಜಿಯ ಮೇಲೆ ಆದೇಶ ಆಗುವುದಿಲ್ಲ. ಆದ್ದರಿಂದ ಅರ್ಜಿ, ಅಫಿಡವಿಟ್, ದಾಖಲೆಗಳ ಪ್ರತಿಯನ್ನು ಅವರ ವಕೀಲರಿಗೆ ಮೊದಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ತಾರೀಖು ಉಳಿಯುತ್ತದೆ. ಕೇವಿಯಟ್ ಇಲ್ಲದಿದ್ದರೆ, ಅರ್ಜಿಯ ವಿಚಾರಣೆ ಮುಗಿಯುವ ತನಕ ಏಕಪಕ್ಷೀಯವಾಗಿ ತಾತ್ಕಾಲಿಕ ತಡೆ ಕೊಡಲು 5ನೇ ನಿಯಮದಲ್ಲೇ ಅವಕಾಶವಿದೆ.

ನೀವು ಅವಧಿಯೊಳಗೆ ಮೇಲ್ಮನವಿ ಹಾಕಿದ್ದು ತುಂಬ ಒಳ್ಳೆಯದಾಯಿತು. ಈ ನ್ಯಾಯಾಲಯಕ್ಕೆ ಮೂವತ್ತು ದಿನ, ಹೈಕೋರ್ಟಿಗಾದರೆ ತೊಂಬತ್ತು ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ತಡವಾಗಿ ಹಾಕಿದ್ದರೆ ವಿಳಂಬ ಮನ್ನಾಕ್ಕೆ ಬೇರೆ ಅರ್ಜಿ ಬೇಕಾಗುತ್ತಿತ್ತು, ಮೇಲ್ಮನವಿಯನ್ನು ಆಲಿಸುವ ತೀರ್ಮಾನ ಆಗುವ ತನಕ ತಡೆ ಕೊಡುವಂತಿಲ್ಲ ಎಂದು 3ಎ ನಿಯಮ ಹೇಳುತ್ತದೆ. ಇದನ್ನು ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ: ತೀರ್ಪು ಓದಿದ ದಿನವೇ ನಕಲಿಗೆ ಅರ್ಜಿ ಕೊಡಿ. ಮೇಲ್ಮನವಿ ಸಿದ್ಧವಾಗುವ ಮೊದಲೇ ಅಮಲ್ಜಾರಿಯ ಭಯವಿದ್ದರೆ, ಮೇಲ್ಮನವಿಯ ಅವಧಿ ಮುಗಿಯುವುದರೊಳಗೆ ತೀರ್ಪು ಕೊಟ್ಟ ನ್ಯಾಯಾಲಯವನ್ನೇ ತಡೆ ಕೇಳಬಹುದು.

ಹಣದ ಡಿಕ್ರಿಯಾದರೆ ದಾರಿ ಇನ್ನೂ ಬಿಗಿ. ವಿವಾದದ ಮೊತ್ತವನ್ನು ನ್ಯಾಯಾಲಯ ಹೇಳಿದಂತೆ ಠೇವಣಿ ಇಡದೆ ಅಥವಾ ಭದ್ರತೆ ಕೊಡದೆ ಹೋದರೆ ತಡೆ ಇಲ್ಲ. ನಿಮ್ಮದರಲ್ಲಿ ಉತ್ಪತ್ತಿಯ ಲೆಕ್ಕ ಇನ್ನೂ ವಿಚಾರಣೆಗೆ ಬಾಕಿ ಇರುವುದರಿಂದ ಸದ್ಯಕ್ಕೆ ಅಂಥ ಮೊತ್ತವಿಲ್ಲ.

ಮರ ಕಡಿದರೆ ಯಾರು ತಂದುಕೊಡುತ್ತಾರೆ ಎಂದು ಕೇಳಿದಿರಿ. ಅದೇ ಸಂಹಿತೆಯ 144ನೇ ಕಲಮಿನಲ್ಲಿ ಪ್ರತ್ಯರ್ಪಣೆ ಇದೆ. ಡಿಕ್ರಿ ರದ್ದಾದರೆ, ಡಿಕ್ರಿಯೇ ಆಗದಿದ್ದರೆ ನೀವು ಯಾವ ಸ್ಥಿತಿಯಲ್ಲಿ ಇರುತ್ತಿದ್ದಿರೋ ಆ ಸ್ಥಿತಿಗೆ ನ್ಯಾಯಾಲಯ ನಿಮ್ಮನ್ನು ಮರಳಿಸಬೇಕು. ಜಾಗ, ಉತ್ಪತ್ತಿ, ಪರಿಹಾರ ಎಲ್ಲವೂ ಅದರೊಳಗೆ ಬರುತ್ತವೆ. ಎದುರಿನವರು ವಾದದಲ್ಲಿ ಖಂಡಿತ ಇದನ್ನೇ ಎತ್ತುತ್ತಾರೆ: "ಗೆದ್ದರೆ 144 ಇದೆಯಲ್ಲ, ತಡೆ ಏಕೆ?" ಎಂದು. ಬೋಳು ನೆಲವನ್ನು ಮರಳಿಸಬಹುದು, ಫಸಲಿಗೆ ಬಂದ ತೋಟವನ್ನು ಮರಳಿಸಲಾಗದು ಎಂಬುದು ನಿಮ್ಮ ಉತ್ತರ. ಅದಕ್ಕೇ ಬಾವಿಯ ದಾಖಲೆಗಳಿಗೆ ಅಷ್ಟು ಬೆಲೆ.

ಇನ್ನೊಂದು ವಿಷಯದಲ್ಲಿ ಹಳೆಯ ಸುದ್ದಿ ಈಗಲೂ ಓಡಾಡುತ್ತಿದೆ: ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂದು. 2018ರಲ್ಲಿ ಏಷ್ಯನ್ ರಿಸರ್ಫೇಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತ್ತು, ನಿಜ. ಆದರೆ 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ತಡೆ ತಾನಾಗಿ ರದ್ದಾಗುವುದಿಲ್ಲ. ಆದರೆ ನಿಮ್ಮ ಆದೇಶದಲ್ಲೇ "ಮುಂದಿನ ತಾರೀಖಿನವರೆಗೆ" ಎಂದಿದ್ದರೆ ಆ ತಾರೀಖಿನಂದು ವಿಸ್ತರಣೆ ಕೇಳಲೇಬೇಕು.

ತೀರ್ಥಹಳ್ಳಿ ಓದುಗ

ಮೇಡಂ, ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಚೆಕ್ ಬೌನ್ಸ್ ಪ್ರಕರಣದಲ್ಲಿ ನಮ್ಮ ಚಿಕ್ಕಪ್ಪನವರಿಗೆ ಶಿಕ್ಷೆಯಾಗಿದೆ. ಮೇಲ್ಮನವಿಗೂ ದುಡ್ಡು ಕಟ್ಟಬೇಕು ಎನ್ನುತ್ತಿದ್ದಾರೆ. ನಿಜವೇ?

ವಕೀಲೆ, ಶಿವಮೊಗ್ಗ

ಅದು ಕ್ರಿಮಿನಲ್ ದಾರಿ, ನಿಯಮಗಳು ಬೇರೆ. ಶಿಕ್ಷೆಯನ್ನು ಅಮಾನತಿನಲ್ಲಿಡಲು ಮೇಲ್ಮನವಿ ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 389ನೇ ಕಲಮು ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 430ನೇ ಕಲಮು. ದುಡ್ಡಿನ ಮಾತೂ ನಿಜ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 2018ರಲ್ಲಿ ಸೇರಿದ 148ನೇ ಕಲಮಿನಡಿ, ವಿಧಿಸಿದ ದಂಡ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟನ್ನು ಠೇವಣಿ ಇಡಲು ನ್ಯಾಯಾಲಯ ಹೇಳಬಹುದು. ಅರವತ್ತು ದಿನ ಗಡುವು, ತಕ್ಕ ಕಾರಣವಿದ್ದರೆ ಇನ್ನೂ ಮೂವತ್ತು ದಿನ.

ತೋಟದ ಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೇಲ್ಮನವಿಯ ಜೊತೆ ತಡೆಯ ಅರ್ಜಿ ಹೋಗಿರಲೇ ಇಲ್ಲ. ಹಿರಿಯರು ಹೇಳಿದಂತೆ ಮೆಸ್ಕಾಂ ಕಾಗದ, ಪಹಣಿ, ಅಡಿಕೆ ಮಾರಿದ ಪಟ್ಟಿ ಎಲ್ಲವನ್ನೂ ಹೊಂದಿಸಿ ಅರ್ಜಿ ಹಾಕಿಸಿದೆವು. ಕೇವಿಯಟ್ ಇತ್ತು. ಅವರ ವಕೀಲರೂ ಬಂದು ವಾದ ಮಾಡಿದರು, 144ರ ಮಾತನ್ನೂ ಎತ್ತಿದರು. ನಮ್ಮ ಕಡೆಯಿಂದ ಬಾವಿಯ ವಿಷಯ ಹೇಳಿದಾಗ ನ್ಯಾಯಾಧೀಶರು ನಕ್ಷೆ ತರಿಸಿ ನೋಡಿದರು.

ಇಂದು ಸಂಜೆ ಆದೇಶವಾಯಿತು. ಮೇಲ್ಮನವಿ ತೀರ್ಮಾನವಾಗುವ ತನಕ ಸ್ವಾಧೀನ ಬಿಡಿಸುವಂತಿಲ್ಲ. ಆದರೆ ಷರತ್ತುಗಳಿವೆ. ಮರ ಕಡಿಯಬಾರದು, ಜಾಗ ಪರಭಾರೆ ಮಾಡಬಾರದು, ಆ ಭಾಗದ ಕೊಯ್ಲಿನ ಲೆಕ್ಕ ಕೊಟ್ಟು ಖರ್ಚು ಕಳೆದು ಉಳಿದದ್ದನ್ನು ಠೇವಣಿ ಇಡಬೇಕು, ಒಬ್ಬರ ಜಾಮೀನಿನೊಂದಿಗೆ ಬಾಂಡು ಕೊಡಬೇಕು. ಯಜಮಾನರಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಬೇಸರ. ನಮ್ಮ ಬೆವರಿನ ಅಡಿಕೆಯ ದುಡ್ಡನ್ನು ಕೋರ್ಟಿನಲ್ಲಿ ಇಡುವುದೆಂದರೆ ಅರ್ಧ ಸೋತ ಹಾಗಲ್ಲವೇ ಎನ್ನುತ್ತಾರೆ.

ಇನ್ನೊಂದು ಆತಂಕ. ಅಮಲ್ಜಾರಿ ಅರ್ಜಿ ಇರುವುದು ಬೇರೆ ನ್ಯಾಯಾಲಯದಲ್ಲಿ. ಅದರ ತಾರೀಖು ಗುರುವಾರ. ತಡೆ ಆದೇಶದ ನಕಲು ಅಷ್ಟರಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದಾರೆ. ಅಲ್ಲಿನ ನ್ಯಾಯಾಧೀಶರಿಗೆ ತಿಳಿಯದೆ ವಾರಂಟ್ ಹೊರಟರೆ ಏನು ಗತಿ?

ನಿವೃತ್ತ ಶಿರಸ್ತೇದಾರ, ಸಾಗರ

ತುಂಬ ಸಂತೋಷವಾಯಿತು, ತಂಗಿ. ಯಜಮಾನರಿಗೆ ನನ್ನ ಮಾತಾಗಿ ಹೇಳಿ: ಷರತ್ತಿನ ತಡೆ ಸೋಲಲ್ಲ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋಗಿ ತಡೆ ಕೇಳಿದರು. ಜೂನ್ 24ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟದ್ದೂ ಷರತ್ತಿನ ತಡೆಯೇ. ಪ್ರಧಾನಿಯಾಗಿ ಮುಂದುವರಿಯಬಹುದು, ಸದನಕ್ಕೆ ಹೋಗಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ, ಸದಸ್ಯರ ಸಂಬಳ ಪಡೆಯುವಂತಿಲ್ಲ. ದೇಶದ ಪ್ರಧಾನಿಗೂ ಬೇಷರತ್ತಾದ ತಡೆ ಸಿಗಲಿಲ್ಲ. ಠೇವಣಿ ಇಟ್ಟ ದುಡ್ಡು ಎಲ್ಲಿಗೂ ಹೋಗುವುದಿಲ್ಲ. ನೀವು ಗೆದ್ದರೆ ನಿಮಗೆ ಬರುತ್ತದೆ. ಸೋತರೆ, ಆಗ ಒಮ್ಮೆಲೇ ಉತ್ಪತ್ತಿಯ ಲೆಕ್ಕ ಕಟ್ಟಲು ಸಾಲ ಮಾಡುವ ಕಷ್ಟ ತಪ್ಪುತ್ತದೆ. ಬಡ್ಡಿ ಬರುವ ಠೇವಣಿಯಲ್ಲಿ ಇರಿಸುವಂತೆ ಒಂದು ಕೋರಿಕೆ ಸಲ್ಲಿಸಿ.

ಗುರುವಾರದ ಆತಂಕ ಸಣ್ಣದಲ್ಲ. ತಡೆ ಆದೇಶವಾದ ಮಾತ್ರಕ್ಕೆ ಸಾಲದು, ಅದು ಕೆಳಗಿನ ನ್ಯಾಯಾಲಯಕ್ಕೆ ತಲುಪಿದ ದಿನದಿಂದ ಪರಿಣಾಮಕಾರಿ ಎಂದು 5ನೇ ನಿಯಮದ ವಿವರಣೆಯಲ್ಲೇ ಇದೆ. ತಿಳಿಯದೆ ಅಮಲ್ಜಾರಿ ನಡೆಸಿದರೆ ಅದು ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆದೇಶ ಕೈಗೆ ಬಂದ ಸಂತೋಷದಲ್ಲಿ ಮನೆಗೆ ಹೋಗಿ, ಮರುದಿನ ತೋಟ ಕಳೆದುಕೊಂಡವರಿದ್ದಾರೆ.

ಆದರೆ ಅದೇ ವಿವರಣೆಯ ಎರಡನೇ ಭಾಗ ನಿಮಗಾಗಿಯೇ ಬರೆದಂತಿದೆ. ಆದೇಶ ಬಂದು ತಲುಪುವ ತನಕ, ಮೇಲ್ಮನವಿದಾರರು ತಮಗೆ ಖುದ್ದಾಗಿ ತಿಳಿದಂತೆ ತಡೆ ಆದೇಶವಾಗಿದೆ ಎಂದು ಅಫಿಡವಿಟ್ ಸಲ್ಲಿಸಿದರೆ, ಕೆಳಗಿನ ನ್ಯಾಯಾಲಯ ಅದರಂತೆ ನಡೆಯಬೇಕು. ಖುದ್ದು ತಿಳುವಳಿಕೆ ಎಂಬುದನ್ನು ಗಮನಿಸಿ. ಆದೇಶ ಓದುವಾಗ ಯಜಮಾನರು ನ್ಯಾಯಾಲಯದಲ್ಲಿ ಇದ್ದರೇ? ಇದ್ದರೆ ಹಾಗೆಂದೇ ಬರೆಯಲಿ. ವಕೀಲರ ಗುಮಾಸ್ತರು ಬರೆದುಕೊಟ್ಟರೆ ಆಗುವುದಿಲ್ಲ, ಅವರೇ ಸಹಿ ಮಾಡಬೇಕು. ಮೇಲ್ಮನವಿಯ ನಂಬರು, ಆದೇಶದ ದಿನಾಂಕ, ಷರತ್ತುಗಳು ಎಲ್ಲವೂ ಇರಲಿ. ಇ-ಕೋರ್ಟ್ಸ್ ತಾಣದಲ್ಲಿ ಆದೇಶ ಕಾಣಿಸಿದರೆ ಅದರ ಪ್ರತಿಯನ್ನೂ ಜೊತೆಗಿಡಿ. ನಕಲಿಗೆ ನಾಳೆ ಬೆಳಗ್ಗೆಯೇ ತುರ್ತು ಅರ್ಜಿ ಕೊಡಿ, ಆದೇಶವನ್ನು ಕೆಳಗಿನ ನ್ಯಾಯಾಲಯಕ್ಕೆ ಕಳುಹಿಸುವಂತೆ ಮೇಲ್ಮನವಿ ನ್ಯಾಯಾಲಯದ ಕಚೇರಿಗೂ ಒಂದು ಮೆಮೊ ಕೊಡಿ.

ವಕೀಲೆ, ಶಿವಮೊಗ್ಗ

ಬಾಂಡಿಗೆ ಗಡುವು ಎಷ್ಟು ಎಂದು ಆದೇಶದಲ್ಲಿ ನೋಡಿ, ಅಕ್ಕ. ಗಡುವು ಮೀರಿದರೆ ಎದುರಿನವರು ತಡೆ ತೆರವಿಗೆ ಅರ್ಜಿ ಹಾಕುತ್ತಾರೆ. ಜಾಮೀನು ನಿಲ್ಲುವವರು ತಮ್ಮ ಪಹಣಿ, ಆಧಾರ್ ಕಾರ್ಡ್ ಹಿಡಿದು ಬರಲಿ. ಪಹಣಿಯಲ್ಲಿ ಸೊಸೈಟಿ ಸಾಲದ ಭೋಜಾ ಇದ್ದರೆ ಕಚೇರಿಯಲ್ಲಿ ಒಪ್ಪದಿರಬಹುದು, ಮೊದಲೇ ನೋಡಿಕೊಳ್ಳಿ. ಕೊನೆ ಕೊಯ್ಯುವ ದಿನ ಕೆಳಗಿನ ಇಪ್ಪತ್ತೆರಡು ಗುಂಟೆಯ ಅಡಿಕೆಯನ್ನು ಮೇಲಿನದರ ಜೊತೆ ಬೆರೆಸಬೇಡಿ. ಬೇರೆ ಸುಲಿಸಿ, ಬೇರೆ ಬೇಯಿಸಿ, ಬೇರೆ ಚೀಲದಲ್ಲಿ ತುಂಬಿಸಿ, ಮಂಡಿಯಲ್ಲಿ ಬೇರೆ ಪಟ್ಟಿ ಮಾಡಿಸಿ. ಕೊನೆಗಾರರ ಕೂಲಿ, ಸುಲಿದವರ ಕೂಲಿಯ ಚೀಟಿಗಳನ್ನೂ ಎತ್ತಿಡಿ, ಖರ್ಚು ಕಳೆಯಲು ಅವೇ ಆಧಾರ.

ತೋಟದ ಮನೆ, ಹೊಸನಗರ ತಾಲ್ಲೂಕು

ಯಜಮಾನರು ಆದೇಶದ ಹೊತ್ತಿಗೆ ಅಲ್ಲೇ ಇದ್ದರು, ಹಿರಿಯರೇ. ಅಫಿಡವಿಟ್ ನಾಳೆಯೇ ಮಾಡಿಸುತ್ತೇವೆ. ಜಾಮೀನಿಗೆ ನನ್ನ ತಮ್ಮ ಒಪ್ಪಿದ್ದಾನೆ, ಅವನ ಪಹಣಿಯಲ್ಲಿ ಸಾಲವಿಲ್ಲ. ಗಾಂಧಿ ಬಜಾರಿನ ಅಣ್ಣನವರೇ, ನೀವು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ನಮ್ಮ ಕಡೆಯಿಂದ ವಾಯಿದೆ ಕೇಳುವುದು ಬೇಡ ಎಂದು ವಕೀಲರಿಗೆ ಅವರೇ ಹೇಳಿದ್ದಾರೆ.

ನಿವೃತ್ತ ಶಿರಸ್ತೇದಾರ, ಸಾಗರ

ಸರಿ. ಗುರುವಾರ ನ್ಯಾಯಾಲಯ ಕೂರುವ ಮೊದಲೇ ಹೋಗಿ ಅಫಿಡವಿಟ್ಟನ್ನು ಕಡತಕ್ಕೆ ಸೇರಿಸಿ. ನಿಮ್ಮ ಪ್ರಕರಣ ಕೂಗಿದಾಗ ಯಜಮಾನರೂ ವಕೀಲರ ಪಕ್ಕದಲ್ಲಿ ನಿಂತಿರಲಿ. ಒಂದು ಪ್ರತಿಯನ್ನು ಅಮೀನರ ವಿಭಾಗಕ್ಕೂ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ.